ಹಳಿ ಯಾರದೋ ಅದಿರು ಅವರದು

1951ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರ ತನ್ನದೊಂದು ರೈಲುಮಾರ್ಗವನ್ನು ಮುಚ್ಚಿಬಿಟ್ಟಿತು. ಪೋರ್ಟ್ ಹೆಡ್ಲೆಂಡ್ ಎಂಬ ಪುಟ್ಟ ಬಂದರಿನಿಂದ ಮಾರ್ಬಲ್ ಬಾರ್ ಎಂಬ ಚಿನ್ನದ ಗಣಿಯೂರಿಗೆ ಹೋಗುತ್ತಿದ್ದ, ಸುಮಾರು 180 ಕಿಲೋಮೀಟರ್ ಉದ್ದದ ಮಾರ್ಗ ಅದು. 1911ರಲ್ಲಿ ಓಡಾಟ ಶುರುವಾದಾಗ ಚಿನ್ನದ ಆಸೆ ಇನ್ನೂ ಹಸಿಯಾಗಿತ್ತು. ಆಮೇಲೆ ಚಿನ್ನ ಬತ್ತಿತು, ಜನ ಕರಗಿದರು, ಖರ್ಚು ಹುಟ್ಟುವುದೇ ಕಷ್ಟವಾಯಿತು. ಮಾರ್ಬಲ್ ಬಾರ್ ಸಾಮಾನ್ಯ ಊರಲ್ಲ. 1923-24ರ ಬೇಸಿಗೆಯಲ್ಲಿ ಸತತ 160 ದಿನ ಅಲ್ಲಿನ ಬಿಸಿಲು 37.8 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಸೀಮೆಯಲ್ಲಿ ಸಾಗಿಸಲು ಸರಕೂ ಇಲ್ಲ, ಹತ್ತಲು ಜನರೂ ಇಲ್ಲ ಎಂದು ಸರ್ಕಾರ ಕೈಚೆಲ್ಲಿತು. ಅದಾದ ಹದಿನೈದೇ ವರ್ಷಕ್ಕೆ ಅದೇ ಸೀಮೆಯಲ್ಲಿ, ಅದೇ ಬಂದರಿನತ್ತ, ಖಾಸಗಿ ಕಂಪನಿಗಳು ಹೊಸ ಹಳಿ ಹಾಕಿದವು. ಇಂದು ಜಗತ್ತಿನ ಅತಿ ಭಾರದ ಗೂಡ್ಸ್ ರೈಲುಗಳು ಓಡುವುದು ಆ ಪಿಲ್ಬರಾ ಪ್ರದೇಶದಲ್ಲಿ.

ಪಿಲ್ಬರಾದ ಗುಡ್ಡಗಳಲ್ಲಿ ಕಬ್ಬಿಣವಿದೆ ಎನ್ನುವುದು ಗುಟ್ಟಾಗಿರಲಿಲ್ಲ. ಕಣ್ಣಿದ್ದವರಿಗೆಲ್ಲ ಆ ಕೆಂಪು ಕಾಣುತ್ತಿತ್ತು. ಇಡೀ ಜಗತ್ತಿಗೆ ಸಾಲುವಷ್ಟು ಅದಿರು ಇಲ್ಲಿದೆ ಎಂದು ಸರ್ಕಾರಿ ಭೂವಿಜ್ಞಾನಿ ವುಡ್‌ವರ್ಡ್ 1890ರಲ್ಲೇ ಬರೆದಿದ್ದರು. ಬರೆದದ್ದು ಕಡತದಲ್ಲೇ ಉಳಿಯಿತು. ಕಾರಣ ಸರಳ. ಚಿನ್ನವನ್ನು ಕುದುರೆಯ ಮೇಲೆ ಹೇರಿ ಒಯ್ಯಬಹುದು. ಕಬ್ಬಿಣದ ಅದಿರಿಗೆ ಬೆಲೆ ಬರಬೇಕಾದರೆ ಲಕ್ಷಗಟ್ಟಲೆ ಟನ್ ಸಮುದ್ರ ಮುಟ್ಟಬೇಕು. ಮುನ್ನೂರು, ನಾನೂರು ಕಿಲೋಮೀಟರ್ ಮರುಭೂಮಿ ದಾಟಿಸುವ ಖರ್ಚಿನ ಮುಂದೆ ಕಲ್ಲಿನ ಬೆಲೆ ಏನೇನೂ ಅಲ್ಲ. ಪಿಲ್ಬರಾದ ಇತಿಹಾಸವನ್ನು ಓದುವವರು ಗಣಿ ಹುಡುಕಿದ ಸಾಹಸಿಗಳ ಕಥೆಗೆ ಮರುಳಾಗುವುದೇ ಹೆಚ್ಚು. ನಿಜವಾಗಿ ಅಲ್ಲಿ ಎಲ್ಲವನ್ನೂ ತೀರ್ಮಾನಿಸಿದ್ದು ರೈಲುಹಳಿ. ಹಳಿ ಯಾರ ಕೈಯಲ್ಲಿತ್ತೋ ಗುಡ್ಡ ಅವರದಾಯಿತು.

ಅದಕ್ಕೆ ಮೊದಲು ಒಂದು ನಿಷೇಧದ ಕಥೆಯಿದೆ. 1938ರಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಕಬ್ಬಿಣದ ಅದಿರಿನ ರಫ್ತನ್ನೇ ನಿಲ್ಲಿಸಿತು. ವಾಯವ್ಯ ಕರಾವಳಿಯ ಯಾಂಪಿ ಸೌಂಡ್ ಎಂಬಲ್ಲಿನ ಅದಿರನ್ನು ತೆಗೆಯಲು ಜಪಾನಿ ಬಂಡವಾಳ ಬಂದು ನಿಂತಿತ್ತು. ಜಪಾನ್ ಆಗಲೇ ಚೀನಾದ ಮೇಲೆ ದಂಡೆತ್ತಿ ಹೋಗಿತ್ತು. ಆಗಿನ ಪ್ರಧಾನಿ ಜೋಸೆಫ್ ಲಯನ್ಸ್ ಅವರ ಸರ್ಕಾರ ಹೇಳಿದ ಕಾರಣ ಬೇರೆ: ದೇಶದ ಅದಿರು ದೇಶಕ್ಕೇ ಸಾಲದು, ಹೊರಗೆ ಕಳಿಸಿದರೆ ನಮ್ಮ ಉಕ್ಕಿನ ಕಾರ್ಖಾನೆಗಳು ಬರಿಗೈಯಾಗುತ್ತವೆ ಎಂದು. ಸರ್ಕಾರದ ಭೂವಿಜ್ಞಾನ ಸಲಹೆಗಾರ ವುಲ್ನೋ ಕೊಟ್ಟ ವರದಿ ಅದಕ್ಕೆ ಆಧಾರವಾಯಿತು. ಮಾರಲಾಗದ ಅದಿರನ್ನು ಯಾರು ಹುಡುಕುತ್ತಾರೆ? ಹುಡುಕದ ಕಾರಣಕ್ಕೆ ಅದಿರು ಕಡಿಮೆ ಇದೆ ಎಂಬ ಲೆಕ್ಕವೇ ಇಪ್ಪತ್ತೆರಡು ವರ್ಷ ನಿಂತಿತು. ಅದರ ಮೇಲೆ ರಾಜ್ಯ ಸರ್ಕಾರವೂ ಕಬ್ಬಿಣದ ನಿಕ್ಷೇಪದ ಮೇಲೆ ಖಾಸಗಿಯವರಿಗೆ ಹಕ್ಕು ಕೊಡುವುದಿಲ್ಲ ಎಂದು ಕೂತಿತ್ತು.

ಲ್ಯಾಂಗ್ ಹ್ಯಾನ್‌ಕಾಕ್ ಈ ಹೊತ್ತಿನ ಮನುಷ್ಯ. ಹ್ಯಾಮರ್ಸ್ಲಿ ಬೆಟ್ಟಸಾಲಿನಲ್ಲಿ ಸಾವಿರಾರು ಎಕರೆ ದನ-ಕುರಿಗಳ ಹುಲ್ಲುಗಾವಲಿನ ಒಡೆಯ, ವಿಟ್ಟನೂಮ್ ಎಂಬಲ್ಲಿ ನೀಲಿ ಕಲ್ನಾರು ತೆಗೆಯುವ ದಂಧೆಯನ್ನು ಆರಂಭಿಸಿದವರಲ್ಲಿ ಒಬ್ಬ. ಆ ಕಲ್ನಾರಿನ ಧೂಳು ಮುಂದೆ ಸಾವಿರಾರು ಜನರ ಪುಪ್ಪುಸ ಸುಟ್ಟಿತು; ಅದು ಬೇರೆಯದೇ ಘೋರ ಕಥೆ. 1952ರ ನವೆಂಬರ್‌ನಲ್ಲಿ ಹ್ಯಾನ್‌ಕಾಕ್ ಮತ್ತು ಅವನ ಹೆಂಡತಿ ಹೋಪ್ ತಮ್ಮ ಪುಟ್ಟ ಆಸ್ಟರ್ ವಿಮಾನದಲ್ಲಿ ದಕ್ಷಿಣದ ಪರ್ತ್ ಕಡೆಗೆ ಹೊರಟರು. ಮೋಡ ಕವಿದು ಮಳೆ ಹಿಡಿದುದರಿಂದ ವಿಮಾನವನ್ನು ಕೆಳಗಿಳಿಸಿ ಟರ್ನರ್ ನದಿಯ ಕಮರಿಯಲ್ಲೇ ಹಾರಿಸಬೇಕಾಯಿತು, ಇಕ್ಕೆಲದ ಗೋಡೆಗಳು ತುಕ್ಕಿನ ಬಣ್ಣದಲ್ಲಿ ಹೊಳೆಯುತ್ತಿದ್ದವು, ಅದೇ ಕಬ್ಬಿಣ ಎಂದು ಹೊಳೆಯಿತು. ಇದು ಹ್ಯಾನ್‌ಕಾಕ್ ಜೀವಮಾನವಿಡೀ ಹೇಳಿಕೊಂಡು ಬಂದ ಕಥೆ. ಅದರ ವಿವರಗಳನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಒಪ್ಪಬೇಕಾದ ಮಾತು ಒಂದಿದೆ: ಕಾನೂನು ತನ್ನ ಕಡೆ ಇಲ್ಲದ ಕಾರಣ ಅವನು ಬಾಯಿ ಬಿಡದೆ ಕಾದ, ಕಾಯುತ್ತಲೇ ಸರ್ಕಾರದ ಬಾಗಿಲು ಬಡಿದ.

1960ರ ಡಿಸೆಂಬರ್‌ನಲ್ಲಿ ಮೆಂಜೀಸ್ ಸರ್ಕಾರ ರಫ್ತು ನಿಷೇಧವನ್ನು ಸಡಿಲಿಸಿತು. ಯುದ್ಧದ ಬೂದಿಯಿಂದ ಎದ್ದ ಜಪಾನಿನ ಉಕ್ಕಿನ ಕುಲುಮೆಗಳು ಆಗ ಅದಿರಿಗೆ ಬಾಯ್ತೆರೆದಿದ್ದವು. ನಮ್ಮ ಬೈಲಾಡಿಲದ ಬೆಟ್ಟಗಳಿಂದ ವಿಶಾಖಪಟ್ಟಣದವರೆಗೆ ಹಳಿ ಬಂದದ್ದೂ ಅದೇ ಜಪಾನಿನ ಬೇಡಿಕೆಯಿಂದಲೇ. ರಾಜ್ಯದ ತಡೆಯೂ ತೆರವಾದ ಕೂಡಲೇ ಗುಡ್ಡಗಳಿಗೆ ಜನ ಮುಗಿಬಿದ್ದರು. ಸ್ಟಾನ್ ಹಿಲ್ಡಿಚ್ ಎಂಬ ನಿಕ್ಷೇಪ ಹುಡುಕುವವನು 1957ರಲ್ಲೇ ಮೌಂಟ್ ವೇಲ್‌ಬ್ಯಾಕ್ ಎಂಬ ತಿಮಿಂಗಿಲದ ಬೆನ್ನಿನಂಥ ಗುಡ್ಡವನ್ನು ಕಂಡು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಅದು ಜಗತ್ತಿನ ಅತಿ ದೊಡ್ಡ ತೆರೆದ ಕಬ್ಬಿಣದ ಗಣಿಗಳಲ್ಲಿ ಒಂದಾಯಿತು. ಅಮೆರಿಕದ ಕೈಸರ್ ಸ್ಟೀಲ್ ಕಂಪನಿಯ ಉಪಾಧ್ಯಕ್ಷ ಟಾಮ್ ಪ್ರೈಸ್ ಪಿಲ್ಬರಾವನ್ನು ಸುತ್ತಿ ನೋಡಿ ಬೆರಗಾಗಿ ಹೋಗಿದ್ದ. ಅವನ ಹೆಸರಿಟ್ಟ ಗುಡ್ಡದಲ್ಲಿ ಉತ್ಕೃಷ್ಟ ಅದಿರು ಸಿಕ್ಕಿದೆ ಎಂಬ ಸುದ್ದಿ 1962ರಲ್ಲಿ ತಲುಪಿದ ಕೆಲವೇ ಗಂಟೆಗಳಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ.

ಈಗ ಬಂತು ಹಳಿಯ ಪ್ರಶ್ನೆ. ಪರ್ತ್‌ನಿಂದ ಸಾವಿರ ಕಿಲೋಮೀಟರ್‌ಗೂ ಆಚೆಯ ಬೀಡಿನಲ್ಲಿ ರೈಲು, ಬಂದರು, ಊರು, ವಿದ್ಯುತ್ತು, ನೀರು ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ರಾಜ್ಯದ ಬೊಕ್ಕಸದಲ್ಲಿ ಅಷ್ಟು ದುಡ್ಡಿರಲಿಲ್ಲ. ಆಗ ಕೈಗಾರಿಕಾ ಅಭಿವೃದ್ಧಿ ಸಚಿವರಾಗಿದ್ದ ಚಾರ್ಲ್ಸ್ ಕೋರ್ಟ್ ಒಂದು ಉಪಾಯ ಮಾಡಿದರು. ಒಂದೊಂದು ಕಂಪನಿಯ ಜೊತೆಗೂ ಒಂದೊಂದು ಒಪ್ಪಂದ, ಆ ಒಪ್ಪಂದಕ್ಕೆ ಶಾಸನಸಭೆಯ ಕಾಯ್ದೆಯ ಮುದ್ರೆ. 1963ರ ಹ್ಯಾಮರ್ಸ್ಲಿ ಕಾಯ್ದೆ, 1964ರ ಮೌಂಟ್ ನ್ಯೂಮನ್ ಮತ್ತು ಮೌಂಟ್ ಗೋಲ್ಡ್ಸ್‌ವರ್ದಿ ಕಾಯ್ದೆಗಳು ಹೀಗೆ ಬಂದವು. ಅದಿರು ತೆಗೆಯುವ ಹಕ್ಕು ನಿಮಗೆ, ರಾಯಧನ ನಮಗೆ. ಹಳಿ, ಬಂದರು, ಊರು ಕಟ್ಟುವುದು ನಿಮ್ಮ ಜವಾಬ್ದಾರಿ. ಸರ್ಕಾರಕ್ಕೆ ಒಂದು ಕಾಸು ಖರ್ಚಿಲ್ಲದೆ ಮರುಭೂಮಿಗೆ ಊರುಗಳು ಬಂದವು. ಆ ಕಾಲಕ್ಕೆ ಅದು ಜಾಣತನದ ವ್ಯವಹಾರವೇ ಸರಿ. ಆ ಕಾಯ್ದೆಗಳಲ್ಲಿ ಇನ್ನೊಂದು ಸಾಲೂ ಇತ್ತು: ತನ್ನ ಕೆಲಸಕ್ಕೆ ತೊಂದರೆಯಾಗದ ಮಟ್ಟಿಗೆ ಕಂಪನಿ ಬೇರೆಯವರ ಸರಕನ್ನೂ ತನ್ನ ಹಳಿಯಲ್ಲಿ ಸಾಗಿಸಬೇಕು. ಈ ಸಾಲನ್ನು ಆಗ ಯಾರೂ ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ.

ಹ್ಯಾನ್‌ಕಾಕ್‌ಗೆ ಸಿಕ್ಕಿದ್ದೇನು? ಅವನು ರಿಯೊ ಟಿಂಟೊ ಸಮೂಹವನ್ನು ಪಿಲ್ಬರಾಕ್ಕೆ ಎಳೆತಂದ. ರಿಯೊ ಟಿಂಟೊದ ಆಸ್ಟ್ರೇಲಿಯಾ ಅಂಗ ಮತ್ತು ಕೈಸರ್ ಸೇರಿ ಹ್ಯಾಮರ್ಸ್ಲಿ ಐರನ್ ಕಂಪನಿ ಕಟ್ಟಿದವು. ಹ್ಯಾನ್‌ಕಾಕ್ ಮತ್ತು ಅವನ ಪಾಲುದಾರ ಪೀಟರ್ ರೈಟ್‌ಗೆ ಪ್ರತಿ ಟನ್ ಮಾರಾಟದ ಮೇಲೆ ಶೇ 2.5ರ ರಾಯಧನ ಗೊತ್ತಾಯಿತು. ಅದರಿಂದ ಅವನು ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ. ಆದರೂ ತನ್ನದೇ ಗಣಿ ನಡೆಸಬೇಕು ಎಂಬ ಆಸೆ ಈಡೇರದೆ 1992ರಲ್ಲಿ ಸತ್ತ. ಗುಡ್ಡದ ಹಕ್ಕುಪತ್ರಗಳು ಅವನ ಬಳಿ ಬೇಕಾದಷ್ಟಿದ್ದವು. ಹಳಿ ಮಾತ್ರ ಇರಲಿಲ್ಲ.

1966 ಪಿಲ್ಬರಾದ ವರ್ಷ. ಮೊದಲು ಗೋಲ್ಡ್ಸ್‌ವರ್ದಿ: 112 ಕಿಲೋಮೀಟರ್ ಹಳಿ, ಜೂನ್ ಆರಂಭಕ್ಕೆ ಪೋರ್ಟ್ ಹೆಡ್ಲೆಂಡ್‌ನಿಂದ ಅದಿರಿನ ಮೊದಲ ಹಡಗು. ಗೋಲ್ಡ್ಸ್‌ವರ್ದಿ ಗುಡ್ಡದ ಎತ್ತರ 132 ಮೀಟರ್ ಇತ್ತು. ಅದಿರು ಬಗೆದು ಬಗೆದು ಇಂದು ಅಲ್ಲಿ ಗುಡ್ಡದ ಬದಲು ಹಳ್ಳವಿದೆ, ಕಂಪನಿ ಕಟ್ಟಿದ ಊರೂ ಉಳಿದಿಲ್ಲ. ಅದರ ಬೆನ್ನಿಗೇ ಹ್ಯಾಮರ್ಸ್ಲಿಯ ರೈಲು. ಟಾಮ್ ಪ್ರೈಸ್ ಗಣಿಯಿಂದ ಡ್ಯಾಂಪಿಯರ್ ಬಂದರಿಗೆ 290 ಕಿಲೋಮೀಟರ್ ಚಿಲ್ಲರೆ. ಆಗಸ್ಟ್‌ನಲ್ಲಿ ಅಲ್ಲಿಂದಲೂ ಜಪಾನಿಗೆ ಹಡಗು ಹೊರಟಿತು. 1969ರ ಜನವರಿಗೆ ಮೌಂಟ್ ನ್ಯೂಮನ್ ಮಾರ್ಗ ಮುಗಿಯಿತು: ವೇಲ್‌ಬ್ಯಾಕ್ ಗುಡ್ಡದಿಂದ ಪೋರ್ಟ್ ಹೆಡ್ಲೆಂಡ್‌ಗೆ 426 ಕಿಲೋಮೀಟರ್. 1972ರಲ್ಲಿ ರೋಬ್ ರಿವರ್ ಕಂಪನಿಯದು ನಾಲ್ಕನೆಯದಾಗಿ ಬಂತು. ಆಸ್ಟ್ರೇಲಿಯಾದಲ್ಲಿ ರಾಜ್ಯಕ್ಕೊಂದು ಅಳತೆಯ ಹಳಿಯಿದ್ದ ಕಾಲವದು. ಗಣಿ ಕಂಪನಿಗಳು ಆ ಗೊಂದಲಕ್ಕೆ ಹೋಗದೆ 1,435 ಮಿಲಿಮೀಟರ್ ಅಳತೆಯ ಹಳಿ, ಅಮೆರಿಕದ ಮಾದರಿಯ ಎಂಜಿನ್ನು ಮತ್ತು ವ್ಯಾಗನ್ನು ತಂದುಕೊಂಡವು. ಇವತ್ತಿಗೂ ಪಿಲ್ಬರಾದ ಹಳಿಗಳು ದೇಶದ ಉಳಿದ ರೈಲುಜಾಲಕ್ಕೆ ಎಲ್ಲಿಯೂ ಕೂಡುವುದಿಲ್ಲ. ಗುಡ್ಡದಲ್ಲಿ ಹುಟ್ಟಿ ಸಮುದ್ರದಲ್ಲಿ ಮುಗಿಯುತ್ತವೆ.

ಆ ಹಳಿ ಹಾಕಿದವರು ಯಾರು? ಕಂಪನಿಗಳ ಸ್ಮರಣ ಸಂಚಿಕೆಗಳಲ್ಲಿ ಅಧ್ಯಕ್ಷರ, ಎಂಜಿನಿಯರರ ಭಾವಚಿತ್ರಗಳಿರುತ್ತವೆ. ಹಳಿಯ ಮೇಲೆ ಬೆವರು ಸುರಿಸಿದವರಲ್ಲಿ ಬಹಳಷ್ಟು ಮಂದಿ ಸಾವಿರಾರು ಮೈಲಿ ದೂರದ ಟಾರಸ್ ಜಲಸಂಧಿಯ ದ್ವೀಪಗಳಿಂದ ಬಂದವರು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ನಡುವಿನ ಆ ದ್ವೀಪಗಳ ಗಂಡಸರು ತಲೆಮಾರುಗಳಿಂದ ಸಮುದ್ರಕ್ಕೆ ಧುಮುಕಿ ಮುತ್ತಿನ ಚಿಪ್ಪು ತೆಗೆಯುತ್ತಿದ್ದರು. ಆ ಚಿಪ್ಪಿನಿಂದ ಅಂಗಿಯ ಗುಂಡಿ ಮಾಡುತ್ತಿದ್ದರು. ಪ್ಲಾಸ್ಟಿಕ್ ಗುಂಡಿ ಬಂದ ಮೇಲೆ ಚಿಪ್ಪಿಗೆ ಗಿರಾಕಿಯಿಲ್ಲದೆ ಹೋಯಿತು. ಅನ್ನ ಹುಡುಕಿಕೊಂಡು ಮೊದಲು ಕ್ವೀನ್ಸ್‌ಲೆಂಡ್‌ನ ರೈಲು ಕೆಲಸಕ್ಕೆ, ಅಲ್ಲಿಂದ ಪಿಲ್ಬರಾಕ್ಕೆ ಬಂದರು. ಕಡಲಿನ ಮಕ್ಕಳು ಕುದಿಯುವ ಮರುಭೂಮಿಯಲ್ಲಿ ಸ್ಲೀಪರ್ ಹೊತ್ತು, ಹಳಿ ಎಳೆದು, ಮೊಳೆ ಹೊಡೆದರು. 1968ರ ಮೇ 8ರಂದು ನ್ಯೂಮನ್ ಮಾರ್ಗದಲ್ಲಿ ಬಹುಪಾಲು ಅವರೇ ಇದ್ದ ತಂಡ ಒಂದೇ ದಿನದಲ್ಲಿ 7 ಕಿಲೋಮೀಟರ್ ಹಳಿ ಹಾಕಿತು. ಅದು ಆ ಕಾಲದ ವಿಶ್ವದಾಖಲೆ. ಸಾಮಾನ್ಯ ದಿನಗಳಲ್ಲಿ ಅವರು ರಾತ್ರಿ ಹಾಡಿಕೊಂಡ ಹಾಡುಗಳು, ಕುಣಿದ ಕುಣಿತಗಳು ಇಂದೂ ಆ ದ್ವೀಪಗಳ ಮನೆಗಳಲ್ಲಿ ಉಳಿದಿವೆ. ಪಿಲ್ಬರಾದ ಇತಿಹಾಸದಲ್ಲಿ ಇವರಿಗೆ ಸಿಗಬೇಕಾದ ಜಾಗ ತೀರ ತಡವಾಗಿ, ಈಚಿನ ವರ್ಷಗಳಲ್ಲಿ ಸಿಗತೊಡಗಿದೆ.

ಇನ್ನು ಆ ನೆಲದ ಮೂಲಜನ. 1946ರ ಮೇ 1ರಂದು ಪಿಲ್ಬರಾದ ನೂರಾರು ಮೂಲನಿವಾಸಿ ಕಾರ್ಮಿಕರು ಬಿಳಿಯರ ಹುಲ್ಲುಗಾವಲುಗಳಲ್ಲಿ ಕೆಲಸ ನಿಲ್ಲಿಸಿ ಹೊರನಡೆದಿದ್ದರು. ಹಲವರಿಗೆ ಹಿಟ್ಟು, ಸಕ್ಕರೆ, ಚಹಾ ಬಿಟ್ಟರೆ ಕೂಲಿಯೇ ಇರಲಿಲ್ಲ. ಡೂಲಿ ಬಿನ್ ಬಿನ್, ಕ್ಲ್ಯಾನ್ಸಿ ಮೆಕೆನ್ನಾ ಎಂಬ ನಾಯಕರು, ಅವರ ಜೊತೆ ನಿಂತ ಡಾನ್ ಮೆಕ್ಲಿಯೊಡ್ ಎಂಬ ಬಿಳಿಯ. ಮೂವರೂ ಜೈಲು ಕಂಡರು. ಮುಷ್ಕರ ಮೂರು ವರ್ಷ ನಡೆಯಿತು. ಹೊಟ್ಟೆ ಹೊರೆಯಲು ಮುಷ್ಕರದವರು ಮರದ ಮೊರದಂಥ ಪಾತ್ರೆಯಲ್ಲಿ ಮಣ್ಣು ಕೇರಿ ತವರದ ಅದಿರು ಬೇರ್ಪಡಿಸಿ ಮಾರಿದರು. ಆ ಪಾತ್ರೆಗೆ ಯಾಂಡಿ ಎಂದು ಹೆಸರು. ಇಷ್ಟು ಹೋರಾಡಿದ ಜನರನ್ನು 1960ರ ದಶಕದ ಒಪ್ಪಂದಗಳು ಒಂದು ಮಾತೂ ಕೇಳಲಿಲ್ಲ. ಅವರ ಬೆಟ್ಟ, ಅವರ ನೀರಿನ ಸೆಲೆ, ಪೂರ್ವಜರ ಜಾಡನ್ನು ಹಾಡಿನಲ್ಲಿ ಕಾಪಿಟ್ಟ ಅವರ ಹಾಡುದಾರಿಗಳ ಮೇಲೆ ಹಳಿಯ ಗೆರೆ ಎಳೆದಾಗ ಕೇಳಬೇಕೆಂಬ ಕಾನೂನೂ ಇರಲಿಲ್ಲ. ಆ ಕಾನೂನು ಬಂದದ್ದು ಟಾರಸ್ ಜಲಸಂಧಿಯ ಮೇರ್ ದ್ವೀಪದ ಎಡ್ಡಿ ಮಾಬೊ ಹೂಡಿದ ಮೊಕದ್ದಮೆಯಿಂದ. ಮಾಬೊ ಕೂಡ ತನ್ನ ಪ್ರಾಯದಲ್ಲಿ ಕ್ವೀನ್ಸ್‌ಲೆಂಡ್‌ನ ರೈಲುಹಳಿಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದವನೇ. ನೆಲದ ಮೇಲೆ ಮೂಲಜನರಿಗೆ ಹಕ್ಕಿದೆ ಎಂದು ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 1992ರ ಜೂನ್ 3ರಂದು ತೀರ್ಪು ಕೊಟ್ಟಾಗ ಅವನು ಬದುಕಿರಲಿಲ್ಲ.

ಹಳಿ ಹಾಕುವುದು ಒಂದು ಕಷ್ಟ, ಅದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟ. ಅಷ್ಟು ಭಾರ ಅಷ್ಟು ಸಲ ಓಡಾಡಿದ ಹಳಿ ಅದಕ್ಕೆ ಮೊದಲು ಜಗತ್ತಿನಲ್ಲಿ ಹೆಚ್ಚು ಇರಲಿಲ್ಲ. ತಿರುವುಗಳಲ್ಲಿ ಹಳಿ ನಿರೀಕ್ಷೆಗಿಂತ ಬೇಗ ಸವೆಯಿತು, ಮೇಲ್ಮೈ ಚಕ್ಕೆ ಎದ್ದಿತು, ಅಲೆಅಲೆಯಾಗಿ ಏರುತಗ್ಗು ಬಿತ್ತು. ಮರದ ಸ್ಲೀಪರ್ ಗೆದ್ದಲಿಗೂ ಬಿಸಿಲಿಗೂ ತುತ್ತಾಯಿತು. ಕಾಲಕ್ರಮದಲ್ಲಿ ಕಾಂಕ್ರೀಟು, ಉಕ್ಕು ಬಂದವು. ಚಂಡಮಾರುತ ಬಂದರೆ ಒಣಗಿ ಬಿದ್ದ ಹೊಳೆಗಳು ಒಂದೇ ರಾತ್ರಿಯಲ್ಲಿ ಒಡ್ಡು ಕೊಚ್ಚುತ್ತಿದ್ದವು. ಕಂಪನಿಗಳು ಲೋಹವಿಜ್ಞಾನಿಗಳನ್ನು ಕೂರಿಸಿ, ಗಾಲಿ ಹಳಿಯನ್ನು ಮುಟ್ಟುವ ಕಾಸಿನಗಲದ ಜಾಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿಸಿದವು. ಗಾಲಿಯ ಆಕಾರ ಬದಲಾಯಿತು, ಹಳಿಯ ತಲೆಯನ್ನು ಗಟ್ಟಿಗೊಳಿಸಲಾಯಿತು, ಸವೆದ ಹಳಿಯನ್ನು ಉಜ್ಜಿ ಮತ್ತೆ ಆಕಾರಕ್ಕೆ ತರುವ ಯಂತ್ರಗಳು ಬಂದವು. ಭಾರಿ ಸರಕು ರೈಲುಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1978ರಲ್ಲಿ ಪರ್ತ್‌ನಲ್ಲೇ ನಡೆದದ್ದು ಆಕಸ್ಮಿಕವಲ್ಲ. ಇವತ್ತು ಭಾರತವೂ ಸೇರಿ ಎಲ್ಲೆಡೆ ಭಾರದ ರೈಲು ಓಡಿಸುವವರು ಬಳಸುವ ತಿಳಿವಳಿಕೆಯಲ್ಲಿ ಪಿಲ್ಬರಾದ ಪಾಲು ದೊಡ್ಡದು.

ಲೆಕ್ಕ ನೋಡಿದರೆ ಈ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ. ನಮ್ಮಲ್ಲಿ ಅದಿರು ಹೊರುವ ಗೂಡ್ಸ್ ರೈಲಿಗೆ ಸಾಮಾನ್ಯವಾಗಿ 58 ವ್ಯಾಗನ್. ಒಂದು ಅಚ್ಚಿನ ಮೇಲೆ ಬೀಳುವ ಭಾರ 23ರಿಂದ 25 ಟನ್. ಪಿಲ್ಬರಾದಲ್ಲಿ ಅದು 40 ಟನ್ ತಲುಪಿದೆ, ರೈಲಿಗೆ 240, 260 ವ್ಯಾಗನ್. ಬಂದರಿನಲ್ಲಿ ವ್ಯಾಗನ್‌ಗಳ ಕೊಂಡಿ ಕಳಚುವುದೇ ಇಲ್ಲ. ಕೊಂಡಿ ತಿರುಗುವಂತೆ ಮಾಡಿದ್ದಾರೆ. ಯಂತ್ರ ಒಮ್ಮೆಗೆ ಎರಡೆರಡು ವ್ಯಾಗನ್ ಹಿಡಿದು ಪೂರಾ ಮಗುಚಿ ಅದಿರು ಸುರಿದು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. 2001ರ ಜೂನ್ 21ರಂದು ಬಿಎಚ್‌ಪಿ ಕಂಪನಿ ಒಂದು ಪರೀಕ್ಷೆ ಮಾಡಿತು. 682 ವ್ಯಾಗನ್, ಅವುಗಳ ನಡುನಡುವೆ ಹಂಚಿ ಇಟ್ಟ 8 ಎಂಜಿನ್. ಉದ್ದ 7.3 ಕಿಲೋಮೀಟರ್. ಅದಿರು 82 ಸಾವಿರ ಟನ್, ಒಟ್ಟು ತೂಕ 99,734 ಟನ್. 275 ಕಿಲೋಮೀಟರ್ ಓಡಿ ಪೋರ್ಟ್ ಹೆಡ್ಲೆಂಡ್ ತಲುಪಿದ ಆ ರೈಲಿಗೆ ಚಾಲಕ ಒಬ್ಬನೇ. ಹಿಂದಿನ ಏಳು ಎಂಜಿನ್‌ಗಳು ಅವನ ಕೈಯ ಆಜ್ಞೆಯನ್ನು ರೇಡಿಯೊ ಮೂಲಕ ಪಾಲಿಸಿದವು. ಜಗತ್ತಿನಲ್ಲಿ ಅದಕ್ಕಿಂತ ಭಾರದ ರೈಲು ಓಡಿಲ್ಲ.

ಇಂಥ ಡೀಸೆಲ್ ದೈತ್ಯರ ನಡುವೆ ಒಂದು ಹಬೆಯ ಎಂಜಿನ್ನೂ ಓಡಿತ್ತೆಂದರೆ ನಂಬುವುದು ಕಷ್ಟ. 1924ರಲ್ಲಿ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಕಟ್ಟಿದ ಪೆಂಡೆನಿಸ್ ಕ್ಯಾಸಲ್ ಎಂಬ ಪ್ರಯಾಣಿಕ ರೈಲಿನ ಹೆಸರಾಂತ ಎಂಜಿನ್ನನ್ನು 1977ರಲ್ಲಿ ಹ್ಯಾಮರ್ಸ್ಲಿ ಐರನ್ ಕೊಂಡು ಡ್ಯಾಂಪಿಯರ್‌ಗೆ ತರಿಸಿತು. ಗಣಿಯ ರೈಲು ನೌಕರರು ಬಿಡುವಿನ ದಿನಗಳಲ್ಲಿ ಅದನ್ನು ಒರೆಸಿ, ಎಣ್ಣೆ ಹಾಕಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅದಿರಿನ ಹಳಿಯ ಮೇಲೆ ಓಡಿಸಿದರು. 2000ದಲ್ಲಿ ಅದು ಇಂಗ್ಲೆಂಡಿಗೆ ಮರಳಿತು. ಪ್ರಯಾಣಿಕರಿಗೆ ಟಿಕೆಟ್ಟೇ ಇಲ್ಲದ ಆ ಹಳಿಗಳ ಮೇಲೆ ಜನ ಕೂತು ಹೋದ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಬಳ್ಳಾರಿ, ಹೊಸಪೇಟೆಯ ಕಡೆಯ ಓದುಗರಿಗೆ ಗಣಿ ಕಂಪನಿಯ ಸ್ವಂತ ಹಳಿಯ ಈ ಕಥೆ ವಿಚಿತ್ರವಾಗಿ ಕೇಳಬಹುದು. ಸಂಡೂರಿನ ಅದಿರು ಮರ್ಮಗೋವಾಕ್ಕೋ ಚೆನ್ನೈಗೋ ಹೋಗುತ್ತಿದ್ದದ್ದು ಎಲ್ಲರೂ ಕೂತು ಹೋಗುವ ಭಾರತೀಯ ರೈಲ್ವೆಯ ಹಳಿಯ ಮೇಲೆ. ಗಣಿ ಮಾಲೀಕ ಯಾರೇ ಆಗಲಿ, ಬಾಡಿಗೆ ಕಟ್ಟಿದರೆ ರೇಕು ಸಿಗುತ್ತಿತ್ತು. ಚೀನಾದ ಬೇಡಿಕೆ ಉಕ್ಕಿದ 2000ದ ದಶಕದಲ್ಲಿ ರೇಕು ಸಾಲದೆ ಲಾರಿಗಳ ಸಾಲು ರಸ್ತೆಗಳನ್ನೇ ಅರೆದು ಹಾಕಿತು. 2011ರಲ್ಲಿ ಲೋಕಾಯುಕ್ತರ ವರದಿ, ಸುಪ್ರೀಂ ಕೋರ್ಟಿನ ತಡೆ ಬರುವವರೆಗೆ ನಡೆದ ಲೂಟಿಯೂ ಈ ನಾಡಿಗೆ ಗೊತ್ತಿದೆ. ಕುದುರೆಮುಖದಲ್ಲಂತೂ ಹಳಿಯೇ ಇರಲಿಲ್ಲ. ಅರೆದ ಅದಿರು ನೀರಿನೊಡನೆ ಕೊಳವೆಯಲ್ಲಿ ಹರಿದು ಮಂಗಳೂರು ಸೇರುತ್ತಿತ್ತು. ಪಿಲ್ಬರಾದಲ್ಲಿ ಹಳಿಯೇ ಬೇಲಿಯಾಗಿತ್ತು. ಗಣಿಯ ಪರವಾನಗಿ ಎಷ್ಟು ಜನರಿಗೆ ಬೇಕಾದರೂ ಸಿಗಬಹುದಿತ್ತು, ಸಮುದ್ರಕ್ಕೆ ದಾರಿ ಮಾತ್ರ ಇಬ್ಬರ ಕೈಯಲ್ಲಿತ್ತು. ಗೋಲ್ಡ್ಸ್‌ವರ್ದಿಯೂ ನ್ಯೂಮನ್ನೂ ಬಿಎಚ್‌ಪಿಯ ಪಾಲಾದವು. ಹ್ಯಾಮರ್ಸ್ಲಿ ಮೊದಲಿನಿಂದ ರಿಯೊ ಟಿಂಟೊದ ಹಿಡಿತದಲ್ಲಿತ್ತು. 2000ದಲ್ಲಿ ರೋಬ್ ರಿವರ್ ಕೂಡ ಅದರ ತೆಕ್ಕೆಗೆ ಬಂತು.

ಈ ಬೇಲಿಗೆ ತಲೆ ಕೊಟ್ಟವನು ಆಂಡ್ರೂ ಫಾರೆಸ್ಟ್. ಪಿಲ್ಬರಾದ ಹುಲ್ಲುಗಾವಲಿನಲ್ಲೇ ಬೆಳೆದ ಫಾರೆಸ್ಟ್ 2003ರಲ್ಲಿ ಫೋರ್ಟೆಸ್ಕ್ಯೂ ಕಂಪನಿ ಕಟ್ಟಿ, ಮರುವರ್ಷವೇ ಬಿಎಚ್‌ಪಿಯ ಹಳಿಯ ಮೇಲೆ ತನ್ನ ರೈಲು ಓಡಿಸಲು ಅವಕಾಶ ಬೇಕೆಂದು ಸ್ಪರ್ಧಾ ಕಾನೂನಿನಡಿ ಅರ್ಜಿ ಹಾಕಿದ. ಆ ಕಾನೂನಿನ ಆಶಯ ಇಷ್ಟೇ: ಇನ್ನೊಂದು ಕಟ್ಟುವುದು ಲಾಭಕರವಲ್ಲದ ದೊಡ್ಡ ಸೌಕರ್ಯವಿದ್ದರೆ ಅದರ ಒಡೆಯ ಬೇರೆಯವರಿಗೂ ಬಾಡಿಗೆಗೆ ಬಿಡಬೇಕು. ಕಂಪನಿಗಳು ಕೊಟ್ಟ ಉತ್ತರವೂ ಪೊಳ್ಳಲ್ಲ. ನಮ್ಮ ರೈಲು ಸಾರಿಗೆಯಲ್ಲ, ಗಣಿಯ ಯಂತ್ರದ ಒಂದು ಭಾಗ. ಯಾವ ಗುಂಡಿಯ ಅದಿರು ಯಾವ ಹೊತ್ತಿಗೆ ಬಂದು ಯಾವ ರಾಶಿಗೆ ಬೆರೆಯಬೇಕು ಎಂಬುದು ಹಳಿಯ ಮೇಲೇ ತೀರ್ಮಾನವಾಗುತ್ತದೆ, ಪರರ ರೈಲು ನಡುವೆ ನುಗ್ಗಿದರೆ ಇಡೀ ಲೆಕ್ಕ ತಪ್ಪುತ್ತದೆ ಎಂದವು. 2008ರಲ್ಲಿ ಹೈಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಆದರೂ ರಿಯೊ ಟಿಂಟೊದ ಹಳಿಗಳಿಗೂ ಚಾಚಿದ ಮೊಕದ್ದಮೆ ಬೇರೆ ಬೇರೆ ಮೆಟ್ಟಿಲು ಏರಿಳಿಯಿತು. 2012ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹೈಕೋರ್ಟ್ ತೀರ್ಪು. ಇನ್ನೊಂದು ಹಳಿ ಕಟ್ಟಿ ಲಾಭ ಮಾಡುವವರು ಯಾರಾದರೂ ಇದ್ದಾರೆಯೇ ಎಂಬುದೇ ನೋಡಬೇಕಾದ ಪ್ರಶ್ನೆ ಎಂದಿತು. 2013ರಲ್ಲಿ ಸ್ಪರ್ಧಾ ನ್ಯಾಯಮಂಡಳಿ ಅರ್ಜಿಯನ್ನು ತಿರಸ್ಕರಿಸಿತು.

ಅಷ್ಟರಲ್ಲಿ ಲಾಭ ಮಾಡುವವನು ಇದ್ದಾನೆ ಎಂದು ಫಾರೆಸ್ಟ್ ತಾನೇ ತೋರಿಸಿಬಿಟ್ಟಿದ್ದ. ಕೋರ್ಟಿಗೆ ಕಾಯದೆ ಸಾಲ ಎತ್ತಿ ಕ್ಲೌಡ್‌ಬ್ರೇಕ್ ಗಣಿಯಿಂದ ಪೋರ್ಟ್ ಹೆಡ್ಲೆಂಡ್‌ಗೆ ಸುಮಾರು 250 ಕಿಲೋಮೀಟರ್ ಸ್ವಂತ ಹಳಿ ಹಾಕಿಸಿದ. 2007ರ ಮಾರ್ಚ್‌ನಲ್ಲಿ ಜಾರ್ಜ್ ಎಂಬ ಚಂಡಮಾರುತ ಹಳಿ ಕಾರ್ಮಿಕರ ಬಿಡಾರದ ಮೇಲೆ ಎರಗಿ ಜೀವಹಾನಿಯೂ ಆಯಿತು. 2008ರ ಮೇ ತಿಂಗಳಲ್ಲಿ ಮೊದಲ ಹಡಗು ಚೀನಾಕ್ಕೆ ಹೊರಟಿತು. ಮುಂದೆ ಬ್ರಾಕ್‌ಮನ್ ಎಂಬ ಸಣ್ಣ ಕಂಪನಿ ಫೋರ್ಟೆಸ್ಕ್ಯೂ ಹಳಿಯಲ್ಲಿ ತನಗೂ ಜಾಗ ಬೇಕೆಂದು 2013ರಲ್ಲಿ ಕೇಳಿತು. ಬಾಗಿಲು ತೆರೆಯಿರಿ ಎಂದು ಸುಮಾರು ಹತ್ತು ವರ್ಷ ಬಡಿದಾಡಿದ ಕಂಪನಿ ತಾನೂ ಕೋರ್ಟಿಗೆ ಹೋಗಿ ಅದನ್ನು ವಿರೋಧಿಸಿತು. ಹ್ಯಾನ್‌ಕಾಕ್‌ನ ಮಗಳು ಜೀನಾ ರೈನ್‌ಹಾರ್ಟ್ ಅಪ್ಪನಿಗೆ ಆಗದ್ದನ್ನು ಮಾಡಿದಳು: ರಾಯ್ ಹಿಲ್ ಗಣಿಗೆ 344 ಕಿಲೋಮೀಟರ್ ಹಳಿ, 2015ರ ಡಿಸೆಂಬರ್‌ನಲ್ಲಿ ಮೊದಲ ಹಡಗು. ಪೋರ್ಟ್ ಹೆಡ್ಲೆಂಡ್‌ನತ್ತ ಈಗ ಮೂರು ಒಡೆಯರ ಮೂರು ಹಳಿಗಳು ಬಹುದೂರ ಅಕ್ಕಪಕ್ಕದಲ್ಲೇ ಓಡುತ್ತವೆ. ಆ ಬಂದರು ವರ್ಷಕ್ಕೆ 50 ಕೋಟಿ ಟನ್‌ಗೂ ಹೆಚ್ಚು ಅದಿರು ಸಾಗಿಸುತ್ತದೆ. ಒಂದೇ ನೆಲವನ್ನು ಮೂರು ಸಲ ಅಗೆದು, ಒಂದೇ ಹೊಳೆಗಳಿಗೆ ಮೂರು ಸಲ ಸೇತುವೆ ಕಟ್ಟಿದ ಈ ದುಂದು, ಚಾರ್ಲ್ಸ್ ಕೋರ್ಟರ ಒಪ್ಪಂದಗಳಲ್ಲಿದ್ದ ಆ ಒಂದು ಸಾಲನ್ನು ಯಾರೂ ಗಟ್ಟಿಯಾಗಿ ಹಿಡಿಯದೆ ಹೋದದ್ದರ ಫಲ.

2018 ಈ ಹಳಿಗಳ ಇತಿಹಾಸದಲ್ಲಿ ಇಬ್ಬಗೆಯ ವರ್ಷ. ಜುಲೈ 10ರಂದು ರಿಯೊ ಟಿಂಟೊದ ರೈಲೊಂದು ಟಾಮ್ ಪ್ರೈಸ್‌ನಿಂದ ಕೇಪ್ ಲ್ಯಾಂಬರ್ಟ್ ಬಂದರಿಗೆ 280 ಕಿಲೋಮೀಟರ್ ದೂರ ಸುಮಾರು 28 ಸಾವಿರ ಟನ್ ಅದಿರು ಹೊತ್ತು ಬಂತು. ಎಂಜಿನ್ನಿನಲ್ಲಿ ಚಾಲಕ ಇರಲಿಲ್ಲ. ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನ ಕಂಟ್ರೋಲ್ ರೂಮಿನಲ್ಲಿ ಕೂತವರು ಪರದೆಯ ಮೇಲೆ ಅದನ್ನು ಕಾಯುತ್ತಿದ್ದರು. ಒಂದೇ ವರ್ಷದಲ್ಲಿ ರಿಯೊ ಟಿಂಟೊದ ಸುಮಾರು 1,700 ಕಿಲೋಮೀಟರ್ ಹಳಿಜಾಲವೆಲ್ಲ ಈ ವ್ಯವಸ್ಥೆಗೆ ಬಂತು.

ಅದೇ ವರ್ಷದ ನವೆಂಬರ್ 5ರ ನಸುಕಿನಲ್ಲಿ ಬಿಎಚ್‌ಪಿಯ ರೈಲಿನಲ್ಲೂ ಚಾಲಕ ಇರಲಿಲ್ಲ, ಅದು ಮಾತ್ರ ಯಾರೂ ಬಯಸಿದ್ದಲ್ಲ. 268 ವ್ಯಾಗನ್‌ಗಳ ತುಂಬಿದ ರೈಲು ಬ್ರೇಕಿನ ವಿದ್ಯುತ್ ಸಂಪರ್ಕ ಕಡಿದು ನಿಂತಿತ್ತು. ಚಾಲಕ ಕೆಳಗಿಳಿದು ಕತ್ತಲಲ್ಲಿ ಒಂದೊಂದೇ ವ್ಯಾಗನ್ನಿನ ಕೈಬ್ರೇಕ್ ತಿರುಗಿಸುತ್ತ ನಡೆದ. ಒಂದು ಗಂಟೆ ಕಳೆದಾಗ ವಿದ್ಯುತ್ ಬ್ರೇಕು ತಾನಾಗಿ ಸಡಿಲವಾಯಿತು. ರೈಲು ಇಳಿಜಾರಿನಲ್ಲಿ ಜಾರಿತು, ವೇಗ ಹಿಡಿಯಿತು, 92 ಕಿಲೋಮೀಟರ್ ಓಡಿತು. ಮುಂದೆ ಪೋರ್ಟ್ ಹೆಡ್ಲೆಂಡ್ ಇದೆ, ಊರಿದೆ. ಪರ್ತ್‌ನ ನಿಯಂತ್ರಕರು ಊರಿಗೆ 120 ಕಿಲೋಮೀಟರ್ ದೂರದ ಟರ್ನರ್ ಎಂಬಲ್ಲಿ ಹಳಿಯ ಕವಲು ಬದಲಿಸಿ ಬೇಕೆಂದೇ ಅದನ್ನು ಉರುಳಿಸಿದರು. ಒಂದೂವರೆ ಕಿಲೋಮೀಟರ್ ಹಳಿ ಕಿತ್ತುಹೋಯಿತು, ವ್ಯಾಗನ್‌ಗಳು ಕಾಗದದಂತೆ ಮುದುಡಿದವು. ಯಾರಿಗೂ ಏನೂ ಆಗಲಿಲ್ಲ. ನಾಲ್ಕೈದು ದಿನ ಹಳಿ ಮುಚ್ಚಿದ್ದಕ್ಕೇ ಜಗತ್ತಿನ ಉಕ್ಕಿನ ಮಾರುಕಟ್ಟೆ ಕಿವಿ ನೆಟ್ಟಗೆ ಮಾಡಿತು.

ಹಳಿಗೆ ಸದಾ ಅದಿರು ಬೇಕು. ಇಷ್ಟು ಖರ್ಚು ಮಾಡಿ ಕಟ್ಟಿದ ಮಾರ್ಗ ಒಂದು ದಿನ ಖಾಲಿ ಬಿದ್ದರೂ ನಷ್ಟ. ಹಳೆಯ ಗುಡ್ಡ ಮುಗಿದಂತೆ ಹೊಸ ಗುಡ್ಡಕ್ಕೆ ಕವಲು ಚಾಚುತ್ತದೆ. 2020ರ ಮೇ 24ರಂದು ರಿಯೊ ಟಿಂಟೊ ತನ್ನ ಬ್ರಾಕ್‌ಮನ್ 4 ಗಣಿಯ ವಿಸ್ತರಣೆಗಾಗಿ ಜೂಕನ್ ಕಮರಿಯ ಎರಡು ಕಲ್ಲಾಸರೆಗಳನ್ನು ಸ್ಫೋಟಿಸಿತು. 46 ಸಾವಿರ ವರ್ಷಗಳಿಂದ ಮನುಷ್ಯರು ಬಂದು ತಂಗಿದ ಕುರುಹುಗಳು ಅಲ್ಲಿದ್ದವು. ಸಾವಿರಾರು ವರ್ಷ ಹಳೆಯ, ಹೆಣೆದ ಮಾನವ ಕೂದಲಿನ ಪಟ್ಟಿಯೊಂದು ಅಲ್ಲಿ ಸಿಕ್ಕಿತ್ತು. ಅದರ ವಂಶವಾಹಿ ಇಂದಿನ ಪೂಟು ಕುಂಟಿ ಕುರಮ ಮತ್ತು ಪಿನಿಕುರ ಜನರಿಗೆ ತಾಳೆಯಾಗಿತ್ತು. ಕಾನೂನಿನ ಪ್ರಕಾರ ಕಂಪನಿಯ ಬಳಿ ಅನುಮತಿ ಇತ್ತು. ಪರಂಪರೆ ರಕ್ಷಣೆಯ 1972ರ ಆ ಕಾನೂನೇ ಗಣಿಗೆ ಅಂಥ ಅನುಮತಿ ಕೊಡಲು ದಾರಿ ಬಿಟ್ಟಿತ್ತು. ಕಂಪನಿಯ ಮುಖ್ಯಸ್ಥ ಮತ್ತು ಇಬ್ಬರು ಹಿರಿಯ ಅಧಿಕಾರಿಗಳು ಹುದ್ದೆ ಬಿಡಬೇಕಾಯಿತು, ಸಂಸತ್ತು ವಿಚಾರಣೆ ನಡೆಸಿತು. ಹೋದ ಕಲ್ಲಾಸರೆ ಬರಲಿಲ್ಲ.

ಈಗ ಅದಿರಿನ ಕಣ್ಣು ಆಫ್ರಿಕಾದ ಮೇಲಿದೆ. ಗಿನಿ ದೇಶದ ಸಿಮಾಂಡು ಬೆಟ್ಟಗಳಲ್ಲಿ ಪಿಲ್ಬರಾಕ್ಕೆ ಸಾಟಿಯಾಗುವ ಅದಿರು ಇದೆ ಎಂದು ದಶಕಗಳಿಂದ ಗೊತ್ತಿತ್ತು. ಸಮುದ್ರ 600 ಕಿಲೋಮೀಟರ್ ಆಚೆ. ಹಳಿ ಯಾರು ಹಾಕಬೇಕೆಂಬ ಜಗಳದಲ್ಲೇ ಕಾಲ ಸರಿಯಿತು. ರಿಯೊ ಟಿಂಟೊ ಒಂದು ಕಡೆ, ಚೀನಾ ಮತ್ತು ಸಿಂಗಾಪುರದ ಬಂಡವಾಳದ ಇನ್ನೊಂದು ಕೂಟ ಮತ್ತೊಂದು ಕಡೆ. 2022ರ ಮಾರ್ಚ್‌ನಲ್ಲಿ ಗಿನಿಯ ಸೇನಾ ಸರ್ಕಾರ ಇಬ್ಬರ ಕೆಲಸವನ್ನೂ ನಿಲ್ಲಿಸಿ ಷರತ್ತು ಹಾಕಿತು: ಎರಡು ಹಳಿ ಬೇಡ, ಒಂದೇ ಹಳಿ, ಅದನ್ನು ಇಬ್ಬರೂ ಸೇರಿ ಕಟ್ಟಬೇಕು, ಬೇರೆಯವರ ಸರಕಿಗೂ ಪ್ರಯಾಣಿಕರಿಗೂ ಜಾಗವಿರಬೇಕು, ಕಂಪನಿಯಲ್ಲಿ ದೇಶಕ್ಕೆ ಶೇ 15ರ ಪಾಲು ಪುಕ್ಕಟೆ ಕೊಡಬೇಕು, ಕೊನೆಗೆ ಹಳಿ ದೇಶದ್ದಾಗಬೇಕು. ಪಿಲ್ಬರಾದಲ್ಲಿ ತನ್ನ ಹಳಿಗೆ ಅನ್ಯರ ಗಾಲಿ ತಾಕಬಾರದೆಂದು ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಾಡಿದ ರಿಯೊ ಟಿಂಟೊ ಇಲ್ಲಿ ಸಹಿ ಹಾಕಿತು. ಆ ಹಳಿಯ ಮೇಲೆ 2025ರ ನವೆಂಬರ್‌ನಲ್ಲಿ ಅದಿರು ಸಾಗಣೆಗೆ ಚಾಲನೆ ಸಿಕ್ಕಿದೆ.